ವಚನದಲ್ಲಿ ‘ನಾನು’ ಎಂದರೆ ಯಾರು?

ವಚನವನ್ನು ಓದುವ ಭಕ್ತನು ಪದಗಳ ಅರ್ಥಕ್ಕೆ ಕೈಹಾಕುವ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಮೂರು. ಇಲ್ಲಿ ನುಡಿಯುತ್ತಿರುವವರು ಯಾರು? ಯಾವ ಭಾವದಲ್ಲಿ ನಿಂತು ನುಡಿಯುತ್ತಿರುವರು? ಯಾರ ಸಮ್ಮುಖದಲ್ಲಿ ನುಡಿಯುತ್ತಿರುವರು? ಇವನ್ನು ಬಿಟ್ಟರೆ ಪದವೆಲ್ಲ ತಿಳಿದರೂ ವಚನವು ತಿಳಿಯದು.

ನಮ್ಮ ಸೀಮೆಯ ಉದಾಹರಣೆಯನ್ನೇ ನೋಡೋಣ. ಬಸವಣ್ಣನವರು ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ ಮಾದರಸ ಮಾದಲಾಂಬಿಕೆಯರ ಮಗನಾಗಿ ಜನಿಸಿದರೆಂಬುದು ಪರಂಪರೆಯ ಮಾತು. 1260ರ ಅರ್ಜುನವಾಡದ ಶಾಸನವೂ ಬಾಗೇವಾಡಿಯನ್ನು, ತಂದೆ ಮಾದಿರಾಜನನ್ನು ಹೆಸರಿಸುತ್ತದೆ. ಆದರೆ ಅವರ ವಚನವೊಂದರಲ್ಲಿ, ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನು ತಾನೆಂಬ ಮಾತು ಬರುತ್ತದೆ.

ಹಾಗಾದರೆ ಶಾಸನವು ತಪ್ಪಿತೇ? ಬಸವಣ್ಣನವರು ಇಲ್ಲದುದನ್ನು ನುಡಿದರೇ? ಕೆಲವರು ಇದನ್ನು ಕೇವಲ ವಿನಯದ ಅತಿಶಯೋಕ್ತಿಯೆಂದು ತಿಳಿಯುವರು. ಆದರೆ ವಚನವು ಕೂಡಲಸಂಗಮದೇವನನ್ನೇ ಸಾಕ್ಷಿಯಾಗಿ ಕರೆಯುತ್ತದೆ. ಉಪಚಾರದ ಮಾತಿಗೆ ಇಷ್ಟದೈವವನ್ನು ಸಾಕ್ಷಿಗೆ ಕರೆಯುವರುಂಟೇ? ಶಾಸನವು ಹೇಳುವುದು ದೇಹದ ಹುಟ್ಟನ್ನು. ವಚನವು ಹೇಳುವುದು ಭಕ್ತಿಯ ಹುಟ್ಟನ್ನು. ಮೊದಲನೆಯದು ತಾನಾಗಿ ಬಂದುದು, ಎರಡನೆಯದು ತಾನು ಆರಿಸಿಕೊಂಡುದು. ಎರಡೂ ಸತ್ಯವೇ. ನುಡಿಯುವವನು ನಿಂತ ನೆಲೆಯು ಮಾತ್ರ ಬೇರೆ.

ಇಂಥ ನೆಲೆಗಳು ವಚನಗಳಲ್ಲಿ ಹಲವು. ಉರಿಲಿಂಗದೇವರು ಪುರುಷರಾಗಿಯೂ ಸತಿಯ ದನಿಯಲ್ಲಿ ಲಿಂಗಪತಿಯನ್ನು ಕುರಿತು ನುಡಿದರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಐಕ್ಯಳಾದಳೆಂದು ಹೇಳಲಾಗುವ ನೀಲಮ್ಮನು ‘ಸಂಗಯ್ಯ’ ಎಂಬ ಅಂಕಿತದಲ್ಲಿ ಬಸವನ ಅಗಲಿಕೆಯನ್ನು ನುಡಿದಳು. ಅದನ್ನು ಪತ್ನಿಯ ಶೋಕವೆಂದಷ್ಟೇ ಓದಿದರೆ ಸಾಲದು. ಹೆಸರು, ರೂಪು, ಹೆಣ್ಣೆಂಬ ಕುರುಹುಗಳೂ ಕಳಚಿದ ಶರಣೆಯ ದನಿಯು ಅಲ್ಲಿ ಕೇಳಿಬರುತ್ತದೆ.

ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅವರಂಥವರ ಶ್ರಮದಿಂದ ತಾಳೆಗರಿಯ ಕಟ್ಟುಗಳಲ್ಲಿದ್ದ ವಚನಗಳು ಗೃಹಸ್ಥರ ಕೈಗೆ ಬಂದವು. ಕೈಗೆ ಬಂದುದನ್ನು ಬಾಯಿಗೆ ತಂದುಕೊಂಡವರು ನಾವು. ಇಲ್ಲಿಯೇ ನಮ್ಮ ಹೊಣೆಯು ಮೊದಲಾಗುತ್ತದೆ.

ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ, ಮನೆಯ ಯಜಮಾನನು ಲಿಂಗಪೂಜೆಯ ತರುವಾಯ ಆ ವಚನವನ್ನು ಹಾಡುವಾಗ ‘ನಾನು’ ಎಂಬ ಮಾತು ಯಾರದು? ಹನ್ನೆರಡನೆಯ ಶತಮಾನದ ಬಸವಣ್ಣನವರದು ಮಾತ್ರವಲ್ಲ, ಹಾಡುವವನದೂ ಅಹುದು. ಚೆನ್ನಯ್ಯನ ಮನೆಯ ಮಗನೆಂದು ಬೆಳಗಿನಲ್ಲಿ ಹಾಡಿದವನು, ಹಗಲಿನಲ್ಲಿ ಅದೇ ಚೆನ್ನಯ್ಯನ ಕುಲದವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಮಾತನಾಡಿಸಿದರೆ, ಕೂಡಲಸಂಗಮದೇವನ ಮುಂದೆ ಸುಳ್ಳುಸಾಕ್ಷಿ ನುಡಿದಂತಾಗಲಿಲ್ಲವೇ?

ಆದುದರಿಂದ ಶರಣಬಂಧುಗಳೇ, ದಿನಕ್ಕೊಂದೇ ವಚನವನ್ನು ಓದಿರಿ. ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿರಿ. ಕಡೆಯಲ್ಲಿ ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಿರಿ: ಈ ‘ನಾನು’ ಎಂಬ ಮಾತನ್ನು ಆಡಲು ನಾನು ಸಿದ್ಧನಿರುವೆನೇ? ಅದಕ್ಕೆ ಉತ್ತರವನ್ನು ಕೊಡುವುದು ನಾಲಗೆಯಲ್ಲ, ನಡೆ.