ಉರಿಯುವ ಲೋಹದಿಂದ ತಂಪು!



ಖಾನಾಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಸೀಮೆಎಣ್ಣೆಯಲ್ಲಿಟ್ಟಿದ್ದ ಸೋಡಿಯಂ ಲೋಹದ ಸಾಸಿವೆಯಷ್ಟು ಚೂರನ್ನು ನೀರಿಗೆ ಹಾಕಿ ತೋರಿಸಿದೆ. ಅದು ‘ಚುರ್’ ಎಂದು ನೀರಿನ ಮೇಲೆ ಓಡಾಡಿ ಮಾಯವಾಯಿತು. “ತಮಿಳುನಾಡಿನ ಕಲ್ಪಾಕ್ಕಂನಲ್ಲಿ ಅಣು ರಿಯಾಕ್ಟರನ್ನು ಇದೇ ಲೋಹದಿಂದ ತಂಪು ಮಾಡುತ್ತಾರೆ” ಎಂದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು, “ನೀರು ಹಾಕಿದ್ರ ಆಗಂಗಿಲ್ಲೇನ್ರಿ ಸರ್? ಇದನ್ನ ಯಾಕ ಹಾಕ್ತಾರ್ರಿ?” ಎಂದಳು. ಒಳ್ಳೆಯ ಪ್ರಶ್ನೆ! ಉತ್ತರ ಹುಡುಕೋಣ. (ಎಚ್ಚರಿಕೆ: ಸೋಡಿಯಂ ಪ್ರಯೋಗವನ್ನು ನೀವು ಮಾಡಬಾರದು.)

ಯುರೇನಿಯಂ ಲೆಕ್ಕ

ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಯುರೇನಿಯಂನಿಂದ ವಿದ್ಯುತ್ ತಯಾರಾಗುತ್ತದೆ. ನ್ಯೂಟ್ರಾನ್ ಎಂಬ ಕಣ ಬಡಿದಾಗ ಯುರೇನಿಯಂ ಪರಮಾಣು ಒಡೆದು ಶಾಖವೂ ಹೊಸ ನ್ಯೂಟ್ರಾನುಗಳೂ ಹೊರಬರುತ್ತವೆ. ಆದರೆ 1000 ಗ್ರಾಂ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಸುಮಾರು 7 ಗ್ರಾಂ ಮಾತ್ರ! ಉಳಿದದ್ದು ಯುರೇನಿಯಂ-238. ಇದು ನ್ಯೂಟ್ರಾನನ್ನು ಹೀರಿಕೊಂಡರೆ ಕೆಲ ದಿನಗಳಲ್ಲಿ ಪ್ಲುಟೋನಿಯಂ ಆಗುತ್ತದೆ. ಪ್ಲುಟೋನಿಯಂ ಒಳ್ಳೆಯ ಇಂಧನ.

ವೇಗವಾಗಿ ಚಲಿಸುವ ನ್ಯೂಟ್ರಾನು ಪ್ಲುಟೋನಿಯಂ ಅನ್ನು ಒಡೆದಾಗ ಹೆಚ್ಚು ನ್ಯೂಟ್ರಾನುಗಳು ಸಿಗುತ್ತವೆ. ಮಿಕ್ಕವು ಯುರೇನಿಯಂ-238ನ್ನು ಇಂಧನವಾಗಿಸುತ್ತವೆ. ಹೀಗೆ ಖರ್ಚಾದದ್ದಕ್ಕಿಂತ ಹೆಚ್ಚು ಇಂಧನ ತಯಾರಿಸಬಲ್ಲ ರಿಯಾಕ್ಟರೇ ‘ಫಾಸ್ಟ್ ಬ್ರೀಡರ್’. ಇದರಲ್ಲಿ ನ್ಯೂಟ್ರಾನಿನ ವೇಗ ಕುಗ್ಗಬಾರದು.

ಮಾಡಿ ನೋಡಿ

ಒಂದು ಗೋಲಿಯನ್ನು ಅಷ್ಟೇ ದೊಡ್ಡ ಇನ್ನೊಂದು ಗೋಲಿಗೆ ಹೊಡೆಯಿರಿ. ಮೊದಲನೆಯದು ಬಹುತೇಕ ನಿಂತುಬಿಡುತ್ತದೆ. ಈಗ ಆಟದ ಸಾಮಾನಿನಲ್ಲಿರುವ ಕಬ್ಬಿಣದ ಗುಂಡಿಗೆ ಹೊಡೆಯಿರಿ. ಗೋಲಿ ಹಿಂದಕ್ಕೆ ಪುಟಿಯುತ್ತದೆ.

ನೀರಿನಲ್ಲಿರುವ ಹೈಡ್ರೋಜನ್ ಪರಮಾಣು ಹೆಚ್ಚುಕಡಿಮೆ ನ್ಯೂಟ್ರಾನಿನಷ್ಟೇ ತೂಕ. ಡಿಕ್ಕಿಯಾದರೆ ನ್ಯೂಟ್ರಾನಿನ ವೇಗ ಕುಗ್ಗುತ್ತದೆ. ಸೋಡಿಯಂ ಪರಮಾಣು 23 ಪಟ್ಟು ತೂಕ. ವೇಗ ಅಷ್ಟಾಗಿ ಕುಗ್ಗದು. ಹುಡುಗಿಯ ಪ್ರಶ್ನೆಗೆ ಇದೇ ಉತ್ತರ.

ಇನ್ನೊಂದು ಅನುಕೂಲವೂ ಇದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸಲು ಸಾವಿರ ಡಿಗ್ರಿಗೂ ಮೀರಿದ ಕಾವು ಬೇಕು. ಸೋಡಿಯಂ 98 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಕುದಿಯುವುದು 883 ಡಿಗ್ರಿಗೆ. ಆದ್ದರಿಂದ ಹೆಚ್ಚಿನ ಒತ್ತಡವಿಲ್ಲದೆಯೇ ದ್ರವವಾಗಿ ಹರಿದು ಶಾಖವನ್ನು ಹೊತ್ತೊಯ್ಯುತ್ತದೆ.

ನಡೆದು ಬಂದ ದಾರಿ

1951ರ ಡಿಸೆಂಬರ್ 20ರಂದು ಅಮೆರಿಕದ ಇಡಾಹೊದಲ್ಲಿ ಇಂಥ ಪುಟ್ಟ ರಿಯಾಕ್ಟರೊಂದು ನಾಲ್ಕು ಬಲ್ಬುಗಳನ್ನು ಬೆಳಗಿಸಿತು. ಅದನ್ನು ತಂಪು ಮಾಡಿದ್ದು ಸೋಡಿಯಂ-ಪೊಟಾಸಿಯಂ ಮಿಶ್ರಲೋಹ. ಕಲ್ಪಾಕ್ಕಂನಲ್ಲಿ ನಮ್ಮ ದೇಶದ ಮೊದಲ ಫಾಸ್ಟ್ ಬ್ರೀಡರ್ 1985ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿತು. ಆಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ. ಅಲ್ಲಿಯೇ 500 ಮೆಗಾವಾಟ್‌ನ ದೊಡ್ಡ ರಿಯಾಕ್ಟರಿನ ನಿರ್ಮಾಣ 2004ರಲ್ಲಿ ಆರಂಭವಾಯಿತು. ಅದರ ಕೋರ್ ತುಂಬುವ ಕೆಲಸ ಶುರುವಾದದ್ದು 2024ರ ಮಾರ್ಚ್‌ನಲ್ಲಿ. ಇಪ್ಪತ್ತು ವರ್ಷ!

ಇಷ್ಟು ತಡವೇಕೆ? ಈ ಕೆಲಸ ಬಹಳ ಕಠಿಣ. ಬಿಸಿ ಸೋಡಿಯಂ ಗಾಳಿ ತಾಗಿದರೂ ಉರಿಯುತ್ತದೆ. 1995ರಲ್ಲಿ ಜಪಾನಿನ ಮೊಂಜು ರಿಯಾಕ್ಟರಿನಲ್ಲಿ ಸೋಡಿಯಂ ಸೋರಿ ಬೆಂಕಿ ಹತ್ತಿತು. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಲು ತೀರ್ಮಾನಿಸಿದರು. ಅದಕ್ಕೇ ಸೋಡಿಯಂ ಮೇಲೆ ಗಾಳಿಯ ಬದಲು ಆರ್ಗಾನ್ ಅನಿಲ ತುಂಬುತ್ತಾರೆ. ಸೋರಿಕೆಯನ್ನು ಕೂಡಲೇ ಪತ್ತೆಹಚ್ಚುವ ಸಾಧನಗಳನ್ನೂ ಇಡುತ್ತಾರೆ.

ಯೋಚಿಸಿ ಉತ್ತರಿಸಿ

1. ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲಿ ಇಡುವುದೇಕೆ?
2. ಆರ್ಗಾನ್‌ನಲ್ಲಿ ಸೋಡಿಯಂ ಏಕೆ ಉರಿಯುವುದಿಲ್ಲ?
3. ಇಂಧನ ಉಳಿಯುತ್ತದೆ, ಆದರೆ ಅಪಾಯವೂ ಇದೆ. ನೀವು ಏನು ಹೇಳುತ್ತೀರಿ? ತರಗತಿಯಲ್ಲಿ ಚರ್ಚಿಸಿ.