ಹಾಸನದ ಚಳಿಗೆ ಪೈಪ್ ಒಡೆಯುತ್ತದೆಯೇ? – ಒಂದು ತಪ್ಪು ಉತ್ತರ, ಎರಡು ಪಾಠ

ತರಗತಿ: ಒಂಬತ್ತು
ವಿಷಯ: ವಿಜ್ಞಾನ
ಘಟಕಾಂಶ: ದ್ರವ್ಯದ ಸ್ಥಿತಿ ಬದಲಾವಣೆ, ನೀರಿನ ಅಸಂಗತ ವ್ಯಾಕೋಚನ

ಬೋಧನಾಭ್ಯಾಸದ ಎರಡನೇ ವಾರ ಹಾಸನದ ಒಂದು ಪ್ರೌಢಶಾಲೆಯಲ್ಲಿ ಈ ಪಾಠ ಮಾಡಿದೆ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರ, ಮಂಜುಗಡ್ಡೆಯಾದಾಗ ಹಿಗ್ಗುತ್ತದೆ, ಆದ್ದರಿಂದ ಚಳಿಗಾಲದಲ್ಲಿ ನೀರಿನ ಕೊಳವೆಗಳು ಒಡೆಯುತ್ತವೆ ಎಂದೆ. ಎಲ್ಲಿ ಒಡೆಯುತ್ತವೆ ಎಂದು ಹೇಳಲಿಲ್ಲ.

ಒಬ್ಬ ವಿದ್ಯಾರ್ಥಿನಿ ಎದ್ದು, "ಸಾರ್, ನಮ್ಮನೆ ಟೆರೇಸ್ ಪೈಪೂ ಮೊನ್ನೆ ಒಡೀತು. ಅದೂ ಚಳಿಗೇನಾ?" ಎಂದು ಕೇಳಿದಳು. ಗಂಟೆ ಹೊಡೆಯುವ ಹೊತ್ತು. "ಇರಬಹುದಮ್ಮ" ಎಂದುಬಿಟ್ಟೆ.

ಅವರದು ಬಾಡಿಗೆ ಮನೆ. ರಿಪೇರಿ ಹಣವನ್ನು ಓನರ್ ಇವರಿಂದ ಕೇಳಿದ್ದರು. ಹುಡುಗಿ ನನ್ನ ಮಾತು ನಂಬಿ, ಚಳಿಗೆ ಒಡೆದದ್ದು, ನಮ್ಮ ತಪ್ಪಲ್ಲ ಎಂದಿದ್ದಾಳೆ. "ಹಾಸನದಲ್ಲಿ ನೀರು ಗಡ್ಡೆ ಕಟ್ಟುತ್ತೆ ಅಂತ ಯಾವ ಮೇಷ್ಟ್ರಮ್ಮ ಹೇಳಿದ್ದು?" ಎಂದು ಅವರು ನಕ್ಕರಂತೆ. ಮರುದಿನ ಅವಳು ಇದನ್ನು ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ತರಗತಿಯ ಮುಂದೆಯೇ ತಪ್ಪೊಪ್ಪಿಕೊಂಡು, ಪಾಠವನ್ನು ಮತ್ತೆ ಯೋಜಿಸಿದೆ.

ಚಟುವಟಿಕೆ 1: ಬೆಳಗ್ಗೆ ಆರಕ್ಕೆ ಹೊರಗಿಟ್ಟ ಬಕೆಟ್ ನೀರಿನ ತಾಪ ಅಳೆಯುವುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಲ್ಲಿದ್ದ ನನ್ನ ಸಹಪಾಠಿಗಳೂ ಅಳೆದು ಕಳಿಸಿದರು. ನಾಲ್ಕು ದಿನ ಯಾವ ಊರಲ್ಲೂ 14 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಹೆಪ್ಪುಗಟ್ಟಲು 0 ಡಿಗ್ರಿ ಬೇಕು.

ಚಟುವಟಿಕೆ 2: "ಹಾಗಾದರೆ ನಮ್ಮ ಮನೆಯಲ್ಲಿ ಚಳಿಗೆ ಹೆಪ್ಪುಗಟ್ಟುವುದು ಯಾವುದು?" ಎಂದೆ. "ಕೊಬ್ಬರಿ ಎಣ್ಣೆ!" ಎಂದರು ಎಲ್ಲರೂ. "ಅದರ ಬಾಟಲಿ ಏಕೆ ಒಡೆಯುವುದಿಲ್ಲ?" ತರಗತಿ ಮೌನವಾಯಿತು. ತುದಿ ಮುಚ್ಚಿದ ಎರಡು ಸಿರಿಂಜ್‌ಗಳಲ್ಲಿ 10 ಮಿ.ಲೀ. ನೀರು, 10 ಮಿ.ಲೀ. ಕೊಬ್ಬರಿ ಎಣ್ಣೆ ತುಂಬಿ, ನೆಟ್ಟಗೆ ಫ್ರೀಜರ್‌ನಲ್ಲಿಟ್ಟೆವು. ಮರುದಿನ ನೀರು 11ರ ಗೆರೆಯ ಹತ್ತಿರ ಏರಿತ್ತು. ಎಣ್ಣೆಯ ಮಟ್ಟ ಇಳಿದು ನಡುವೆ ಗುಳಿ ಬಿದ್ದಿತ್ತು. ಹೆಪ್ಪುಗಟ್ಟುವುದೆಲ್ಲ ಹಿಗ್ಗುವುದಿಲ್ಲ, ನೀರು ಹಿಗ್ಗುತ್ತದೆ ಎಂದು ಮಕ್ಕಳೇ ಬರೆದರು.

ಚಟುವಟಿಕೆ 3: ಹುಡುಗಿ ಒಡೆದ ಪೈಪಿನ ತುಂಡು ತಂದಳು. ಬಿಸಿಲಿಗೆ ಬಿದ್ದ ಮಗ್ಗುಲು ಬಣ್ಣಗೆಟ್ಟು ಪುಡಿಪುಡಿಯಾಗಿತ್ತು, ಒತ್ತಿದರೆ ಚಿಟಿಲ್ ಎಂದು ಮುರಿಯಿತು. ಹೊಸ ತುಂಡು ಬಾಗಿತು, ಮುರಿಯಲಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಗೆ ಪಿವಿಸಿ ವರ್ಷಗಟ್ಟಲೆ ಒಡ್ಡಿಕೊಂಡರೆ ಪೆಡಸಾಗುತ್ತದೆ. ನಮ್ಮಲ್ಲಿ ಪೈಪಿಗೆ ಬೇಕಾದದ್ದು ಬಿಸಿಲಿನಿಂದ ರಕ್ಷಣೆ: ತಿಳಿಬಣ್ಣ ಬಳಿಯುವುದು ಅಥವಾ ಮುಚ್ಚುವುದು.

ಪೈಪಿನಲ್ಲಿ ನೀರು ನಿಜವಾಗಿ ಹೆಪ್ಪುಗಟ್ಟುವ ಊರು ಲಡಾಖಿನ ಲೇಹ್. ಸುಮಾರು 3,500 ಮೀಟರ್ ಎತ್ತರದ ಆ ಊರಲ್ಲಿ ಚಳಿಗಾಲದ ರಾತ್ರಿ ತಾಪ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಅಂಥ ಕಡೆ ಬಾಡಿಗೆಗಿರುವವರು ಏನು ಮಾಡಬೇಕೆಂದು ಮಕ್ಕಳನ್ನೇ ಕೇಳಿದೆ. ಗೋಣಿಚೀಲ ಸುತ್ತಬೇಕು, ಊರಿಗೆ ಹೋಗುವಾಗ ಮುಖ್ಯ ವಾಲ್ವ್ ಮುಚ್ಚಿ ಪೈಪ್ ಖಾಲಿ ಮಾಡಬೇಕು ಎಂದರು. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುವುದನ್ನು ನಾನು ಸೇರಿಸಿದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿದಾಗ ಪೈಪ್ ಸೀಳುತ್ತದೆ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಆ ಒತ್ತಡಕ್ಕೆ ದಾರಿ ಸಿಗುತ್ತದೆ.

ಮೌಲ್ಯಮಾಪನದಲ್ಲಿ "ಹಾಸನದಲ್ಲಿ ಚಳಿಗೆ ಪೈಪ್ ಒಡೆಯುವುದೇ? ಕಾರಣ ಕೊಡಿ" ಎಂದು ಕೇಳಿದೆ. ಹೆಚ್ಚಿನವರು ತಾವು ಅಳೆದ ತಾಪವನ್ನೇ ಕಾರಣವಾಗಿ ಬರೆದಿದ್ದರು. ಆ ಹುಡುಗಿ ತುಂಡನ್ನು ಓನರ್‌ಗೂ ತೋರಿಸಿದಳು. ಅವರು ಅರ್ಧ ಹಣ ತಾವೇ ಹಾಕಲು ಒಪ್ಪಿದರಂತೆ.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಮನವಿ ಇಷ್ಟೇ: ಉದಾಹರಣೆ ಕೊಡುವಾಗ ಅದು ಯಾವ ಊರಿನದೆಂದು ಹೇಳಿ. ತಿಳಿಯದಿದ್ದರೆ "ನಾಳೆ ನೋಡಿ ಹೇಳುತ್ತೇನೆ" ಎನ್ನಿ. ನಮ್ಮ "ಇರಬಹುದು" ಮಕ್ಕಳ ಮನೆ ತಲುಪುವಷ್ಟರಲ್ಲಿ "ಹೌದು" ಆಗಿರುತ್ತದೆ.