ಒದ್ದೆಯಾಗುವ ಅಂಗೈ

ಮಂಗಳೂರಿನ ಸೆಕೆಯಲ್ಲಿ ವ್ಯಾಯಾಮ ಮಾಡಿ ಮೈಯೆಲ್ಲ ತೊಯ್ದು ತೊಪ್ಪೆಯಾಗುವುದು ರೋಗವಲ್ಲ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಾಗಾಗಿ ಇನ್ನಷ್ಟು ಬೆವರುತ್ತದೆ. ಬೇಗ ಆರುವ ಬಟ್ಟೆ ತೊಡಿ, ಮುಗಿದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ.

ಆದರೆ ತಣ್ಣಗಿನ ತರಗತಿಯಲ್ಲೂ ಅಂಗೈ ಬೆವರಿ ಉತ್ತರಪತ್ರಿಕೆ ಒದ್ದೆಯಾಗುತ್ತದೆ, ನಿದ್ದೆಯಲ್ಲಿ ಮಾತ್ರ ಕೈ ಒಣಗಿರುತ್ತದೆ ಎಂದು ಬರೆದಿದ್ದೀರಲ್ಲ, ಅದು ಅತಿಯಾಗಿ ಬೆವರುವ ತೊಂದರೆಯಾದ ಹೈಪರ್‌ಹೈಡ್ರೋಸಿಸ್‌ನ ಲಕ್ಷಣ. ನರಗಳು ಬೆವರಿನ ಗ್ರಂಥಿಗಳನ್ನು ಅಗತ್ಯಕ್ಕಿಂತ ಹೆಚ್ಚು ಕೆಣಕುತ್ತವೆ. ನೀವು ಅಂಜುಬುರುಕಿ ಎಂಬ ಮನೆಯವರ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಚರ್ಮವೈದ್ಯರನ್ನು ಕಾಣಿ. ಮೊದಲು ಸಾಮಾನ್ಯವಾಗಿ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಬರೆದುಕೊಡುತ್ತಾರೆ. ರಾತ್ರಿ ಮಲಗುವಾಗ, ಪೂರ್ತಿ ಒಣಗಿದ ಕೈಗೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಒದ್ದೆ ಕೈಗೆ ಹಚ್ಚಿದರೆ ಉರಿ. ಎಷ್ಟೋ ಮಂದಿ ಔಷಧಿ ಕೈಬಿಡುವುದು ಇಲ್ಲೇ. ಅದರಿಂದ ಗುಣ ಕಾಣದಿದ್ದರೆ ಅಯಾಂಟೋಫೊರೆಸಿಸ್ ಇದೆ: ನೀರಿನ ತಟ್ಟೆಯಲ್ಲಿ ಕೈಯಿಟ್ಟು 20-30 ನಿಮಿಷ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುತ್ತಾರೆ. ಅಂಗೈಗೆ ಇದು ಚೆನ್ನಾಗಿ ಒಗ್ಗುತ್ತದೆ, ಆದರೆ ಬಿಡದೆ ಮುಂದುವರಿಸಬೇಕು.

ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ತೂಕ ಇಳಿಕೆ, ಎದೆಬಡಿತ ಕಂಡರೆ ಮಾತ್ರ ತಡಮಾಡಬೇಡಿ. ಥೈರಾಯ್ಡ್ ತೊಂದರೆ, ಕ್ಷಯ ಇವೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.